ಲೈಬ್ರರಿ ಕೆಲಸ ಬೇಡ ಎಂದಿದ್ದ ಗಣಿತದ ಮೇಷ್ಟ್ರು: ಎಸ್. ಆರ್. ರಂಗನಾಥನ್

ಯಾವುದಾದರೂ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ಓಪನ್ ಮಾಡಿ ನೋಡಿ. ಒಳಗೆ ಏನೇನಿದೆ ಅಂತ ಪಟ್ಟಿ ಮಾಡೋದೇ ಕಷ್ಟ. ಪಿಎಚ್‌ಡಿ ಥೀಸಿಸ್‌ಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಜರ್ನಲ್ ಪೇಪರ್‌ಗಳು, ತಾಳೆಗರಿಯ ಫೋಟೋಗಳು, ನೂರು ವರ್ಷ ಹಿಂದಿನ ಪುಸ್ತಕಗಳು, ಮ್ಯಾಪ್‌ಗಳು, ಲೆಕ್ಚರ್ ವಿಡಿಯೋಗಳು, ಘಟಿಕೋತ್ಸವದ ಭಾಷಣಗಳು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಆದರೆ ಎಲ್ಲವೂ ಒಂದೇ ಸರ್ಚ್ ಬಾಕ್ಸ್‌ನ ಹಿಂದೆ ಕೂತಿರುತ್ತವೆ.

ಇಷ್ಟು ಬಗೆಯ ವಸ್ತುಗಳಲ್ಲಿ ನಮಗೆ ಬೇಕಾದ ಒಂದನ್ನು ಹುಡುಕೋದು ಹೇಗೆ? ಇದು ಕಂಪ್ಯೂಟರ್ ಸೈನ್ಸ್‌ನವರ ಪ್ರಶ್ನೆ ಅಂತ ನಾವು ಅಂದುಕೊಳ್ತೀವಿ. ಆದರೆ ಸುಮಾರು ನೂರು ವರ್ಷದ ಹಿಂದೆಯೇ ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡು ಇಡೀ ಜೀವನ ಅದಕ್ಕೇ ಕೊಟ್ಟ ಒಬ್ಬರಿದ್ದರು. ಅವರು ಶುರು ಮಾಡಿದಾಗ ಭಾರತದಲ್ಲಿ ಒಂದೇ ಒಂದು ಡಿಜಿಟಲ್ ಕಂಪ್ಯೂಟರ್ ಇರಲಿಲ್ಲ. ಅವರ ಹತ್ತಿರ ಇದ್ದದ್ದು ಕಾರ್ಡು, ಪೆನ್ನು ಮತ್ತು ಗಣಿತದ ತಲೆ ಅಷ್ಟೇ.

ಅವರೇ ಶಿಯಾಳಿ ರಾಮಾಮೃತ ರಂಗನಾಥನ್. ಪ್ರತಿ ವರ್ಷ ಆಗಸ್ಟ್ 12ರಂದು ಎಷ್ಟೋ ಕಾಲೇಜುಗಳ ಲೈಬ್ರರಿಯಲ್ಲಿ ಕನ್ನಡಕ ಹಾಕಿದ ಹಿರಿಯರೊಬ್ಬರ ಫೋಟೋಗೆ ಹಾರ ಹಾಕಿರ್ತಾರಲ್ಲ, ಅವರೇ. ಅವತ್ತು ರಾಷ್ಟ್ರೀಯ ಗ್ರಂಥಪಾಲಕರ ದಿನ. ಅವರು ಪಾಠ ಮಾಡೋ ಕೆಲಸ ಶುರು ಮಾಡಿದ್ದು ಮಂಗಳೂರಿನಲ್ಲಿ, ಕೊನೆಯುಸಿರೆಳೆದದ್ದು ಬೆಂಗಳೂರಿನಲ್ಲಿ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್‌ನಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಈಗ ಆ ಊರಿಗೆ ಸೀರ್ಕಾಳಿ ಅಂತಾರೆ. ತಂದೆ ರಾಮಾಮೃತ ಅಯ್ಯರ್, ರಂಗನಾಥನ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತೀರಿಕೊಂಡರು. ಊರಿನ ಹಿಂದೂ ಹೈಸ್ಕೂಲಿನಲ್ಲಿ ಓದಿ, ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಬಂದರು. ಅಲ್ಲಿ ಗಣಿತದಲ್ಲಿ ಬಿ.ಎ., ಆಮೇಲೆ ಎಂ.ಎ. ಎಡ್ವರ್ಡ್ ರಾಸ್ ಅನ್ನೋ ಪ್ರೊಫೆಸರ್ ಅವರ ಮೆಚ್ಚಿನ ಗುರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ರಂಗನಾಥನ್ ಅವರಿಗೆ ಮಾತಾಡುವಾಗ ತೊದಲು ಇತ್ತು. ತೊದಲುವ ಮನುಷ್ಯ ಆರಿಸಿಕೊಂಡ ಕೆಲಸ ಯಾವುದು ಗೊತ್ತಾ? ಕ್ಲಾಸ್‌ನಲ್ಲಿ ನಿಂತು ಪಾಠ ಮಾಡೋದು! 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಸೇರಿದರು. ಹಂಪನಕಟ್ಟೆಯಲ್ಲಿ ಇವತ್ತು ಯೂನಿವರ್ಸಿಟಿ ಕಾಲೇಜು ಅಂತ ಕರೆಯೋ ಸಂಸ್ಥೆ ಅದೇ. ಆಮೇಲೆ ಕೊಯಮತ್ತೂರು, ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಹುಡುಗರಿಗೆ ಪಾಠ ಮಾಡೋದು ಅವರಿಗೆ ತುಂಬ ಇಷ್ಟದ ಕೆಲಸ ಆಗಿತ್ತು. ತೊದಲು ಕೂಡ ನಿಧಾನಕ್ಕೆ ಹತೋಟಿಗೆ ಬಂತು.

ಅಷ್ಟರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ತನ್ನ ಲೈಬ್ರರಿಗೆ ಒಬ್ಬ ಪೂರ್ಣಾವಧಿ ಗ್ರಂಥಪಾಲಕ ಬೇಕು ಅಂತ ಅರ್ಜಿ ಕರೆಯಿತು. ಸುಮಾರು 900 ಅರ್ಜಿ ಬಂದವಂತೆ. ಅದರಲ್ಲಿ ಲೈಬ್ರರಿ ವಿಷಯ ಓದಿದವರು ಒಬ್ಬರೂ ಇರಲಿಲ್ಲ. ಇರೋದಕ್ಕೆ ಆಗ ನಮ್ಮ ದೇಶದಲ್ಲಿ ಅದನ್ನ ಹೇಳಿಕೊಡುವ ಜಾಗಗಳೇ ಬೆರಳೆಣಿಕೆಯಷ್ಟು. ರಂಗನಾಥನ್ ಕೂಡ ಅರ್ಜಿ ಹಾಕಿದ್ದರು, ಹಾಕಿ ಮರೆತೂ ಬಿಟ್ಟಿದ್ದರು. ಇಂಟರ್‌ವ್ಯೂ ಕಾರ್ಡ್ ಬಂದಾಗ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ಲೈಬ್ರರಿ ಬಗ್ಗೆ ಇದ್ದ ಲೇಖನ ಓದಿಕೊಂಡು ಹೋದರು. ಒಂದು ಥರ ನಾವು ಎಕ್ಸಾಮ್ ಹಿಂದಿನ ರಾತ್ರಿ ಓದ್ತೀವಲ್ಲ, ಹಾಗೆ. ಗಣಿತದಲ್ಲಿ ಒಂದಷ್ಟು ಸಂಶೋಧನಾ ಪ್ರಬಂಧ ಬರೆದಿದ್ದರಿಂದ ಆಯ್ಕೆ ಸಮಿತಿಗೆ ಅವರೇ ಸರಿ ಅನ್ನಿಸಿತು. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು.

ಸೇರಿದ ಕೆಲವೇ ವಾರಕ್ಕೆ ಅವರಿಗೆ ಸಾಕಾಗಿ ಹೋಯ್ತು. ಕ್ಲಾಸಿನ ಗಲಾಟೆಗೆ ಒಗ್ಗಿದ್ದ ಮನುಷ್ಯನಿಗೆ ಆ ಸೈಲೆನ್ಸ್ ತಡೆಯೋಕೆ ಆಗಲಿಲ್ಲ. ಓದೋಕೆ ಬರುವವರೇ ಕಡಿಮೆ, ಬಂದವರಿಗೆ ಏನು ಮಾಡಿಕೊಡಬೇಕು ಅನ್ನೋದೂ ಸ್ಪಷ್ಟ ಇಲ್ಲ. ನನ್ನನ್ನ ವಾಪಸ್ ಪಾಠಕ್ಕೆ ಕಳಿಸಿಬಿಡಿ ಅಂತ ಅಧಿಕಾರಿಗಳ ಹತ್ತಿರ ಹೋಗಿ ಬೇಡಿಕೊಂಡರು. ಅವರು ಒಂದು ಷರತ್ತು ಹಾಕಿದರು. ಹೇಗೂ ಲಂಡನ್ನಿಗೆ ಹೋಗಿ ಲೈಬ್ರರಿ ಕೆಲಸ ಕಲಿಯೋದು ಈ ಹುದ್ದೆಯಲ್ಲಿ ಸೇರಿದೆ. ಹೋಗಿ ಬನ್ನಿ. ಬಂದ ಮೇಲೂ ಬೇಡ ಅನ್ನಿಸಿದರೆ ಗಣಿತದ ಕೆಲಸ ಮತ್ತೆ ನಿಮಗೇ.

ಒಬ್ಬ ಮನುಷ್ಯನ ಜೀವನ ತಿರುಗಿದ್ದು ಈ ಒಪ್ಪಂದದಿಂದ. ಒಂದು ಶಾಸ್ತ್ರದ ದಾರಿ ಕೂಡ ತಿರುಗಿತು ಅಂದರೆ ಜಾಸ್ತಿ ಹೇಳಿದ ಹಾಗಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಆಗ ಲೈಬ್ರರಿ ಶಾಲೆ ಇತ್ತು. ಅಲ್ಲಿ ಡಬ್ಲ್ಯೂ. ಸಿ. ಬರ್ವಿಕ್ ಸೇಯರ್ಸ್ ಅನ್ನೋವರು ವರ್ಗೀಕರಣ ಹೇಳಿಕೊಡುತ್ತಿದ್ದರು. ಅವರು ಲಂಡನ್ ಹತ್ತಿರದ ಕ್ರಾಯ್ಡನ್ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಹೌದು. ರಂಗನಾಥನ್ ಕ್ಲಾಸಿನಲ್ಲಿ ಕೂತದ್ದಕ್ಕಿಂತ ಊರೂರು ತಿರುಗಿ ಲೈಬ್ರರಿ ನೋಡಿದ್ದೇ ಹೆಚ್ಚು, ನೂರಕ್ಕೂ ಹೆಚ್ಚು ಲೈಬ್ರರಿ ನೋಡಿದರು. ಅಲ್ಲಿ ಮಕ್ಕಳು ಬರ್ತಾರೆ, ಕೂಲಿ ಕೆಲಸದವರು ಬರ್ತಾರೆ, ಹೆಂಗಸರು ಬರ್ತಾರೆ, ತಮಗೆ ಬೇಕಾದ ಪುಸ್ತಕ ತಾವೇ ಕಪಾಟಿನಿಂದ ತೆಗೆದುಕೊಳ್ತಾರೆ. ನಮ್ಮಲ್ಲಿ ಲೈಬ್ರರಿ ಅಂದರೆ ಬೀಗ ಹಾಕಿದ ಬೀರು. ಈ ವ್ಯತ್ಯಾಸ ಅವರ ಮನಸ್ಸಿಗೆ ನಾಟಿತು. ಇದು ಬೋರಿಂಗ್ ಕೆಲಸ ಅಲ್ಲ, ಬಹಳ ದೊಡ್ಡ ಕೆಲಸ ಅನ್ನಿಸಿತು.

ಅವರಿಗೆ ಒಂದು ತಕರಾರೂ ಇತ್ತು. ಆಗ ಎಲ್ಲ ಕಡೆ ಪ್ರಸಿದ್ಧವಾಗಿದ್ದದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ನಮ್ಮ ಲೈಬ್ರರಿ ಪುಸ್ತಕಗಳ ಬೆನ್ನ ಮೇಲೆ 621.3 ಅಂತ ಇದ್ದರೆ ಎಲೆಕ್ಟ್ರಿಕಲ್, 624 ಅಂತ ಇದ್ದರೆ ಸಿವಿಲ್, 005 ಅಂತ ಇದ್ದರೆ ಪ್ರೋಗ್ರಾಮಿಂಗ್. ಅದೇ ಡ್ಯೂಯಿ ಪದ್ಧತಿ. ಇದು ಒಂದು ಮರದ ಥರ. ಜ್ಞಾನ ಎಲ್ಲವನ್ನೂ ಹತ್ತು ಕೊಂಬೆ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಮಾಡುತ್ತಾ ಹೋಗೋದು. ಪ್ರತಿಯೊಂದು ವಿಷಯಕ್ಕೂ ಮರದಲ್ಲಿ ಮೊದಲೇ ಒಂದು ಜಾಗ ಮಾಡಿಟ್ಟಿರಬೇಕು. ಹೊಸ ವಿಷಯ ಹುಟ್ಟಿದರೆ ಎಲ್ಲಿ ಕೂರಿಸೋದು? ಎರಡು ಮೂರು ವಿಷಯ ಸೇರಿದ ಪುಸ್ತಕ ಬಂದರೆ ಯಾವ ಕೊಂಬೆಗೆ ಹಾಕೋದು?

ಉತ್ತರ ಸಿಕ್ಕಿದ್ದು ಲೈಬ್ರರಿಯಲ್ಲಿ ಅಲ್ಲ, ಅಂಗಡಿಯಲ್ಲಿ! ಲಂಡನ್ನಿನ ಸೆಲ್ಫ್ರಿಜಸ್ ಅನ್ನೋ ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಸೆಟ್ ತೋರಿಸುತ್ತಿದ್ದರು. ಮೆಕ್ಯಾನಿಕಲ್‌ನವರಿಗೆ ಗೊತ್ತಿರುತ್ತೆ, ತೂತು ಇರೋ ಲೋಹದ ಪಟ್ಟಿಗಳು, ಚಕ್ರಗಳು, ನಟ್ಟು, ಬೋಲ್ಟು. ಅವೇ ತುಂಡುಗಳಿಂದ ಒಮ್ಮೆ ಕ್ರೇನು, ಬಿಚ್ಚಿ ಜೋಡಿಸಿದರೆ ಇನ್ನೊಂದು ಆಟಿಕೆ. ರಂಗನಾಥನ್ ಅದನ್ನೇ ನೋಡುತ್ತಾ ನಿಂತರು. ಪ್ರತಿ ಆಟಿಕೆಯನ್ನೂ ಮೊದಲೇ ಮಾಡಿಡಬೇಕಾಗಿಲ್ಲ, ತುಂಡುಗಳು ಇದ್ದರೆ ಸಾಕು, ಬೇಕಾದ್ದನ್ನ ಜೋಡಿಸಿಕೊಳ್ಳಬಹುದು. ವಿಷಯಗಳೂ ಹೀಗೇ ಅಲ್ವಾ? ತುಂಡುಗಳ ಪಟ್ಟಿ ಚಿಕ್ಕದಾಗಿ ಇಟ್ಟುಕೊಂಡು, ಪುಸ್ತಕ ಬಂದಾಗ ಅದರ ವಿಷಯವನ್ನು ಜೋಡಿಸಿದರೆ? ತುಂಡುಗಳನ್ನು ಬಿಗಿಯೋ ನಟ್ಟು ಬೋಲ್ಟಿನ ಜಾಗಕ್ಕೆ ಅವರು ಕೋಲನ್ ಚಿಹ್ನೆ ಇಟ್ಟರು. ಅದಕ್ಕೇ ಅವರ ಪದ್ಧತಿಗೆ ಕೋಲನ್ ಕ್ಲಾಸಿಫಿಕೇಶನ್ ಅಂತ ಹೆಸರು. 1925ರಲ್ಲಿ ವಾಪಸ್ ಬರುವ ಹಡಗಿನಲ್ಲೇ ಅದರ ಕೆಲಸ ಶುರುವಾಯ್ತು. ಪುಸ್ತಕವಾಗಿ ಬಂದದ್ದು 1933ರಲ್ಲಿ.

ಇದನ್ನ ಒಂದು ಉದಾಹರಣೆ ಇಟ್ಟು ನೋಡೋಣ. ಮಲೆನಾಡಿನಲ್ಲಿ 1960ರ ದಶಕದಲ್ಲಿ ಕಾಂಕ್ರೀಟ್ ಸೇತುವೆಗಳ ರಿಪೇರಿ ಹೇಗೆ ಮಾಡಿದರು ಅನ್ನೋದರ ಮೇಲೆ ಒಂದು ಥೀಸಿಸ್ ಇದೆ ಅಂದುಕೊಳ್ಳಿ. ಮರದ ಪದ್ಧತಿಯಲ್ಲಿ ಇದನ್ನ ಸೇತುವೆಯ ಕೆಳಗೆ ಇಟ್ಟರೆ ಕಾಂಕ್ರೀಟ್ ಹುಡುಕುವವನಿಗೆ ಸಿಗಲ್ಲ. ಕಾಂಕ್ರೀಟ್ ಕೆಳಗೆ ಇಟ್ಟರೆ ಮಲೆನಾಡಿನ ಇತಿಹಾಸ ಹುಡುಕುವವಳಿಗೆ ಸಿಗಲ್ಲ. ರಂಗನಾಥನ್ ಏನು ಮಾಡ್ತಾರೆ ಅಂದರೆ, ಮೊದಲು ಮೂಲ ವಿಷಯ ಎಂಜಿನಿಯರಿಂಗ್ ಅಂತ ಗುರುತಿಸಿ, ಆಮೇಲೆ ಐದು ಪ್ರಶ್ನೆ ಕೇಳ್ತಾರೆ. ಮುಖ್ಯವಾಗಿ ಯಾವುದರ ಬಗ್ಗೆ? ಸೇತುವೆ. ಯಾವ ವಸ್ತು? ಕಾಂಕ್ರೀಟ್. ಯಾವ ಕ್ರಿಯೆ? ರಿಪೇರಿ. ಎಲ್ಲಿ? ಮಲೆನಾಡು. ಯಾವಾಗ? 1960ರ ದಶಕ. ಈ ಐದು ಮುಖಗಳಿಗೆ ಅವರು ಪರ್ಸನಾಲಿಟಿ, ಮ್ಯಾಟರ್, ಎನರ್ಜಿ, ಸ್ಪೇಸ್, ಟೈಮ್ ಅಂತ ಹೆಸರಿಟ್ಟರು. ಲೈಬ್ರರಿ ಸೈನ್ಸ್ ಓದುವವರು ಇದನ್ನ ಪಿಎಂಇಎಸ್‌ಟಿ ಅಂತ ಬಾಯಿಪಾಠ ಮಾಡ್ತಾರೆ.

ವಜ್ರಕ್ಕೆ ಕೊಯ್ದ ಮುಖಗಳು ಇರುತ್ತಲ್ಲ, ಅದಕ್ಕೆ ಫ್ಯಾಸೆಟ್ ಅಂತಾರೆ. ರಂಗನಾಥನ್ ಈ ಪದವನ್ನೇ ಬಳಸಿದರು. ಈಗ ಶಾಪಿಂಗ್ ಸೈಟಿನಲ್ಲಿ ಬ್ರ್ಯಾಂಡ್, ಬೆಲೆ, ಬಣ್ಣ, ಸೈಜ್ ಅಂತ ಎಡಗಡೆ ಟಿಕ್ ಮಾಡ್ತೀರಲ್ಲ, ಸಾಫ್ಟ್‌ವೇರ್‌ನವರು ಅದನ್ನ ಫ್ಯಾಸೆಟೆಡ್ ಸರ್ಚ್ ಅಂತಾರೆ. ಡಿಜಿಟಲ್ ಲೈಬ್ರರಿಯಲ್ಲಿ ಲೇಖಕ, ವಿಷಯ, ವರ್ಷ, ಭಾಷೆ ಅಂತ ಫಿಲ್ಟರ್ ಬರೋದೂ ಅದೇ. ಆ ಯೋಚನೆಯ ಬೇರು ಮದ್ರಾಸಿನ ಈ ಗಣಿತದ ಮೇಷ್ಟ್ರ ಕೆಲಸದಲ್ಲಿದೆ.

ಮದ್ರಾಸಿಗೆ ವಾಪಸ್ ಬಂದ ರಂಗನಾಥನ್ ಗಣಿತದ ಕೆಲಸ ಕೇಳಲಿಲ್ಲ. ಮುಂದಿನ ಎರಡು ದಶಕ ಆ ಲೈಬ್ರರಿಯಲ್ಲೇ ಇದ್ದರು. ಬೀರುಗಳ ಬೀಗ ತೆಗೆಸಿ, ಓದುಗರು ನೇರವಾಗಿ ಕಪಾಟಿನ ಹತ್ತಿರ ಹೋಗೋ ಹಾಗೆ ಮಾಡಿದರು. ಲೈಬ್ರರಿ ತೆರೆದಿರುವ ಸಮಯ ಹೆಚ್ಚಿಸಿದರು. ಬಂದವರಿಗೆ ಹುಡುಕಿಕೊಡೋಕೆ ಅಂತಲೇ ಸಿಬ್ಬಂದಿ ಇರಬೇಕು ಅಂತ ಹಟ ಹಿಡಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಶುರುವಾಯ್ತು, ಮುಂದಿನ ವರ್ಷ ಗ್ರಂಥಪಾಲಕರಿಗೆ ತರಬೇತಿ. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೋಗೋಕೆ ಶುರುವಾದದ್ದೂ ಇದೇ ಚಳವಳಿಯ ಕಾಲದಲ್ಲಿ.

ಅದೇ 1931ರಲ್ಲಿ ಅವರ ಅತಿ ಪ್ರಸಿದ್ಧ ಪುಸ್ತಕ ಬಂತು, ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಬಗ್ಗೆ. ನ್ಯೂಟನ್ನಿನ ಮೂರು ನಿಯಮದಿಂದ ಎಷ್ಟೆಲ್ಲ ಮೆಕ್ಯಾನಿಕ್ಸ್ ಹುಟ್ಟುತ್ತೆ ಅಲ್ವಾ? ಹಾಗೇ ಲೈಬ್ರರಿ ಕೆಲಸದ ನೂರಾರು ರೂಢಿಗಳ ಹಿಂದೆಯೂ ಕೆಲವೇ ಮೂಲ ಸೂತ್ರ ಇರಬೇಕು ಅನ್ನೋದು ಅವರ ಹುಡುಕಾಟ. ಎಷ್ಟು ಯೋಚಿಸಿದರೂ ಹೊಳೀಲಿಲ್ಲ. ಒಂದು ಸಂಜೆ ಹಳೆ ಗುರು ರಾಸ್ ಲೈಬ್ರರಿಗೆ ಬಂದವರು, ಶಿಷ್ಯನ ಒದ್ದಾಟ ನೋಡಿ, ಮೊದಲ ಸೂತ್ರವನ್ನ ಸಲೀಸಾಗಿ ಒಂದೇ ಮಾತಲ್ಲಿ ಹೇಳಿ ಹೋದರಂತೆ. ಪುಸ್ತಕ ಇರೋದು ಬಚ್ಚಿಡೋಕಲ್ಲ, ಬಳಸೋಕೆ ಅನ್ನೋದು ಅದರ ಸಾರ. ಅದು ಸಿಕ್ಕ ಮೇಲೆ ಉಳಿದ ನಾಲ್ಕೂ ಬಂದವು. ಯಾವ ಓದುಗನೂ ತನಗೆ ಬೇಕಾದ ಪುಸ್ತಕ ಸಿಗದೆ ಹೋಗಬಾರದು. ಯಾವ ಪುಸ್ತಕವೂ ಓದುಗ ಸಿಗದೆ ಕೊಳೆಯಬಾರದು. ಓದುವವರ ಟೈಮ್ ವೇಸ್ಟ್ ಆಗಬಾರದು. ಲೈಬ್ರರಿ ಜೀವ ಇರೋ ವಸ್ತುವಿನ ಹಾಗೆ ಬೆಳೀತಾ ಇರುತ್ತೆ, ಅದಕ್ಕೆ ತಯಾರಿರಬೇಕು. ಇಷ್ಟೇ. ನೋಡೋಕೆ ಇದರಲ್ಲೇನು ದೊಡ್ಡದು ಅನ್ನಿಸುತ್ತೆ. ಆದರೆ ಪುಸ್ತಕ ಕಳೆದುಹೋಗದಂತೆ ಕಾಯೋದೇ ಲೈಬ್ರರಿಯವರ ಕೆಲಸ ಅಂತ ನಂಬಿದ್ದ ಕಾಲದಲ್ಲಿ, ಓದುವವರನ್ನ ಮೊದಲು ನೋಡಿ ಅಂದದ್ದು ಸಣ್ಣ ಮಾತಲ್ಲ.

ಈ ವರ್ಷಗಳಲ್ಲಿ ಅವರು ದಿನಕ್ಕೆ ಸುಮಾರು 13 ಗಂಟೆ, ವಾರದ ಏಳೂ ದಿನ, ರಜೆ ಇಲ್ಲದೆ ದುಡಿದರು ಅಂತಾರೆ. ಮದುವೆಯ ದಿನ ಕೂಡ ಮಧ್ಯಾಹ್ನ ಲೈಬ್ರರಿಗೆ ವಾಪಸ್ ಬಂದರಂತೆ. ಇದನ್ನ ಸಾಮಾನ್ಯವಾಗಿ ಹೊಗಳಿಕೆಯಾಗಿ ಹೇಳ್ತಾರೆ. ನನಗೆ ಮಾತ್ರ ಇದನ್ನ ಓದಿದಾಗ ಅವರ ಹೆಂಡತಿ ಶಾರದಾ ಅವರ ನೆನಪಾಯ್ತು. ಮನೆಯ ಭಾರ ಎಲ್ಲ ಹೊತ್ತವರು ಯಾರು? ರಂಗನಾಥನ್ ಅವರಿಗೂ ಇದು ಗೊತ್ತಿತ್ತು ಅನ್ನಿಸುತ್ತೆ. ಯಾಕೆಂದರೆ ಮುಂದೆ ಜೀವನದ ಉಳಿತಾಯ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕೆ ಕೊಟ್ಟಾಗ, ಅದಕ್ಕೆ ಇಟ್ಟಿದ್ದು ಶಾರದಾ ರಂಗನಾಥನ್ ಅನ್ನೋ ಹೆಸರು.

ಇಷ್ಟು ಕಟ್ಟಿದ ಲೈಬ್ರರಿಯಿಂದ ಅವರು ಹೊರಟದ್ದು ಖುಷಿಯಿಂದ ಅಲ್ಲ. ಹೊಸದಾಗಿ ಬಂದ ಕುಲಪತಿಗಳ ಜೊತೆ ಭಿನ್ನಾಭಿಪ್ರಾಯ ಬಂದು, 1945ರಲ್ಲಿ ಮದ್ರಾಸ್ ಬಿಟ್ಟರು. ಮನಸ್ಸು ತುಂಬ ಕುಗ್ಗಿತ್ತು. ವಯಸ್ಸು 50 ದಾಟಿತ್ತು. ಬನಾರಸ್ ಹಿಂದೂ ವಿಶ್ವವಿದ್ಯಾಲಯ ಕರೆಯಿತು. ಅಲ್ಲಿ ಹೋಗಿ ಏನು ಮಾಡಿದರು ಗೊತ್ತಾ? ಸುಮಾರು ಒಂದು ಲಕ್ಷ ಪುಸ್ತಕಗಳನ್ನ ತಾವೇ ಕೂತು ವರ್ಗೀಕರಿಸಿದರು. ಬೇಜಾರಾದಾಗ ನಾವು ರೀಲ್ಸ್ ನೋಡ್ತೀವಿ, ಅವರು ಲಕ್ಷ ಪುಸ್ತಕ ಜೋಡಿಸಿದರು.

ಅಲ್ಲಿಂದ ದೆಹಲಿ ವಿಶ್ವವಿದ್ಯಾಲಯ, ಆಮೇಲೆ 1955ರಿಂದ ಎರಡು ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್. ಈ ನಡುವೆ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಸ್ವತಂತ್ರ ಭಾರತದಲ್ಲಿ ಈ ಬಗೆಯ ಮೊದಲ ಕಾಯ್ದೆ ಅದು, ಅದರ ಹಿಂದೆ ರಂಗನಾಥನ್ ಅವರ ವರ್ಷಗಟ್ಟಲೆ ದುಡಿಮೆ ಇತ್ತು. 1965ರಲ್ಲಿ ನಮ್ಮ ರಾಜ್ಯದಲ್ಲೂ ಅಂಥ ಕಾಯ್ದೆ ಆಯ್ತು. ನಮ್ಮೂರುಗಳಲ್ಲಿ ಇರೋ ಸರ್ಕಾರಿ ಸಾರ್ವಜನಿಕ ಗ್ರಂಥಾಲಯಗಳು ನಡೆಯೋದು ಅದರ ಕೆಳಗೇ.

1957ರಲ್ಲಿ ಪದ್ಮಶ್ರೀ ಬಂತು. ಜ್ಯೂರಿಕ್‌ನಿಂದ ಬಂದವರು ನೆಲೆಸಿದ್ದು ಬೆಂಗಳೂರಿನಲ್ಲಿ. ರಿಟೈರ್ ಆದವರ ಊರು ಅಂತ ಬೆಂಗಳೂರನ್ನ ಕರೀತಿದ್ದ ಕಾಲ ಅದು, ಆದರೆ ಇವರು ರಿಟೈರ್ ಆಗೋಕೆ ಬಂದಿರಲಿಲ್ಲ. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಬೆಂಗಳೂರಿನಲ್ಲಿ ಡಿಆರ್‌ಟಿಸಿ, ಅಂದರೆ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ ಶುರು ಮಾಡಿತು, ರಂಗನಾಥನ್ ಅವರನ್ನು ಮುಂದಿಟ್ಟುಕೊಂಡು. ಭಾರತಕ್ಕೆ ಮೊದಲ ಡಿಜಿಟಲ್ ಕಂಪ್ಯೂಟರ್ 1950ರ ದಶಕದಲ್ಲಿ ಬಂದದ್ದು ಇದೇ ಸಂಸ್ಥೆಯ ಕಲ್ಕತ್ತಾ ಕ್ಯಾಂಪಸ್ಸಿಗೆ. 70ರ ವಯಸ್ಸಿನಲ್ಲಿ ಅವರು ಮತ್ತೆ ಹುಡುಗರಿಗೆ ಪಾಠ ಮಾಡತೊಡಗಿದರು. 1924ರಲ್ಲಿ ನನ್ನನ್ನ ಕ್ಲಾಸಿಗೆ ಕಳಿಸಿ ಅಂತ ಬೇಡಿಕೊಂಡಿದ್ದವರಿಗೆ ಕೊನೆಗೂ ಕ್ಲಾಸು ಸಿಕ್ಕಿತ್ತು, ಸಬ್ಜೆಕ್ಟ್ ಮಾತ್ರ ಬೇರೆ. 1965ರಲ್ಲಿ ಭಾರತ ಸರ್ಕಾರ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಅಂತ ಗೌರವಿಸಿತು. ಗಣಿತವನ್ನೂ ಪೂರ್ತಿ ಬಿಟ್ಟಿರಲಿಲ್ಲ, 1967ರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಬಗ್ಗೆ ಒಂದು ಪುಸ್ತಕ ಬರೆದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಹಾಗಾದರೆ ರಂಗನಾಥನ್ ಗೆದ್ದರಾ? ಒಂದು ಲೆಕ್ಕದಲ್ಲಿ ಇಲ್ಲ. ಅವರ ಕೋಲನ್ ಪದ್ಧತಿ ಬಳಸೋ ಲೈಬ್ರರಿಗಳು ಬಹಳ ಕಡಿಮೆ. ಅದರ ಸಂಖ್ಯೆಗಳು ಉದ್ದ, ಕಲಿಯೋದು ಕಷ್ಟ. ನಮ್ಮ ಕಪಾಟುಗಳಲ್ಲಿ ಇವತ್ತಿಗೂ ಡ್ಯೂಯಿ ಸಂಖ್ಯೆಗಳೇ ಇವೆ. ಕಾಗದದ ಪುಸ್ತಕಕ್ಕೆ ಒಂದೇ ಜಾಗ, ಅದನ್ನ ಐದು ಕಡೆ ಒಟ್ಟಿಗೆ ಇಡೋಕೆ ಆಗಲ್ಲ. ಫೈಲಿಗೆ ಆ ತೊಂದರೆ ಇಲ್ಲ. ಸೇತುವೆಯಿಂದ ಬಂದರೂ ಸಿಗುತ್ತೆ, ಮಲೆನಾಡಿನಿಂದ ಬಂದರೂ ಸಿಗುತ್ತೆ. ಅಂದರೆ ಅವರ ಯೋಚನೆಗೆ ಸರಿಯಾದ ಮಷೀನು ಬಂದದ್ದು ಅವರು ಹೋದ ಮೇಲೆ.

ಆದರೆ ಮಷೀನು ತಾನಾಗೇ ಎಲ್ಲ ಮಾಡಲ್ಲ. ಇದಕ್ಕೆ ನಮ್ಮ ಕನ್ನಡದ್ದೇ ಒಂದು ಉದಾಹರಣೆ ಇದೆ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿಯಲ್ಲಿ ತೆಲುಗು, ಉರ್ದು, ಇಂಗ್ಲಿಷ್ ಪುಸ್ತಕಗಳ ಜೊತೆ ಹಳೆಯ ಕನ್ನಡ ಪುಸ್ತಕಗಳೂ ಬಹಳ ಇವೆ. ಬೀದರ್, ಕಲಬುರಗಿ, ರಾಯಚೂರು ಒಂದು ಕಾಲಕ್ಕೆ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವಲ್ಲ. ಪುಸ್ತಕ ಸ್ಕ್ಯಾನ್ ಏನೋ ಆಯ್ತು, ಆದರೆ ಹೆಸರುಗಳು ಇದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ. ಲ-ಳ ವ್ಯತ್ಯಾಸ ಇಲ್ಲ, ದೀರ್ಘ ಇಲ್ಲ, ಸ್ಪೆಲಿಂಗ್ ಒಬ್ಬೊಬ್ಬರದು ಒಂದೊಂದು ಥರ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಪುಸ್ತಕ ಇದ್ದೂ ಸಿಗಲ್ಲ. ಸಂಚಯ ಅನ್ನೋ ತಂಡದವರು ಆನ್‌ಲೈನಿನಲ್ಲಿ ಜನರನ್ನ ಸೇರಿಸಿ, ಆ ಹೆಸರುಗಳನ್ನ ಕನ್ನಡಕ್ಕೆ ತಂದು, ಪುಸ್ತಕ ಸಂಚಯ ಅನ್ನೋ ತಾಣದಲ್ಲಿ ಹುಡುಕೋ ಹಾಗೆ ಮಾಡಿದರು. ಯಾವ ಪುಸ್ತಕವೂ ಓದುಗ ಸಿಗದೆ ಹೋಗಬಾರದು ಅಂದರೆ ಇದೇ.

ನಾವೆಲ್ಲ ಇನ್ನೆರಡು ವರ್ಷದಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಅಪ್‌ಲೋಡ್ ಮಾಡ್ತೀವಿ. ಫೈಲಿನ ಹೆಸರು ಫೈನಲ್ ರಿಪೋರ್ಟ್ ನ್ಯೂ 2 ಅಂತ ಇಟ್ಟು, ಕೀವರ್ಡ್ ಜಾಗದಲ್ಲಿ ಬರೀ ಪ್ರಾಜೆಕ್ಟ್ ಅಂತ ಹಾಕಿದರೆ, ನಮ್ಮ ಆರು ತಿಂಗಳ ಕೆಲಸ ಬೀಗ ಹಾಕಿದ ಬೀರುವಿಗೆ ಹೋದ ಹಾಗೆ. ಅದರ ಬದಲು ಆ ಐದು ಪ್ರಶ್ನೆ ಕೇಳಿಕೊಳ್ಳಿ. ಯಾವುದರ ಬಗ್ಗೆ, ಯಾವ ವಸ್ತು, ಯಾವ ಕ್ರಿಯೆ, ಎಲ್ಲಿ, ಯಾವಾಗ. ಉತ್ತರಗಳನ್ನ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಯಿರಿ. ಹತ್ತು ನಿಮಿಷದ ಕೆಲಸ ಅದು. ಮುಂದೆ ಯಾವುದೋ ಊರಿನ ಒಬ್ಬ ಜೂನಿಯರ್‌ಗೆ ನಿಮ್ಮ ರಿಪೋರ್ಟ್ ಸಿಗುತ್ತೆ, ಅವರ ಟೈಮ್ ಉಳಿಯುತ್ತೆ.

ಈ ಸಲ ಆಗಸ್ಟ್ 12ಕ್ಕೆ ಲೈಬ್ರರಿ ಕಡೆ ಹೋದರೆ ಆ ಫೋಟೋ ಹತ್ತಿರ ಒಂದು ನಿಮಿಷ ನಿಲ್ಲಿ. ಹಾಗೇ ಒಳಗೆ ಹೋಗಿ, ಇಷ್ಟ ದಿನ ಯಾರೂ ಮುಟ್ಟದ ಒಂದು ಪುಸ್ತಕ ತೆಗೆದು ಓದಿ.